ಯುವಕರ ಉದ್ಯೋಗ ತರಬೇತಿಗೆ ಅನುದಾನ ಪಡೆಯುವುದು ಹೇಗೆ? ಕೋಲಾರದ ಸಣ್ಣ ಸಂಸ್ಥೆಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಕೋಲಾರ ಜಿಲ್ಲೆಯಲ್ಲಿ ಹುಡುಗ ಹುಡುಗಿಯರಿಗೆ ತರಬೇತಿ ಕೊಡಬೇಕು ಅಂತ ಹೊರಟ ಚಿಕ್ಕ ಟ್ರಸ್ಟ್‌ಗಳು, ಯುವಕ ಸಂಘಗಳು, ಮಹಿಳಾ ಒಕ್ಕೂಟಗಳು ಬೇಕಾದಷ್ಟಿವೆ. ಮನಸ್ಸಿದೆ, ಓಡಾಡುವ ಜನ ಇದ್ದಾರೆ. ಇಲ್ಲದಿರುವುದು ದುಡ್ಡು. ಎರಡು ಮೂರು ಕಡೆ ಅರ್ಜಿ ಹಾಕಿ, ಉತ್ತರವೇ ಬರದೆ ಕೈಬಿಟ್ಟವರೂ ಇದ್ದಾರೆ. ಈ ಬರಹ ಅಂಥವರಿಗಾಗಿ. ತುಮಕೂರು, ಚಿಕ್ಕಬಳ್ಳಾಪುರದವರಿಗೂ ಬಹುಪಾಲು ಹೊಂದುತ್ತದೆ.

ನಮ್ಮ ಕಡೆಯ ಹೆಚ್ಚಿನ ಪ್ರಸ್ತಾವನೆಗಳು ತರಬೇತಿಯಿಂದ ಶುರುವಾಗುತ್ತವೆ. ‘ಕಂಪ್ಯೂಟರ್ ಕಲಿಸುತ್ತೇವೆ, ಟೈಲರಿಂಗ್ ಕಲಿಸುತ್ತೇವೆ, 100 ಜನಕ್ಕೆ ಕಲಿಸುತ್ತೇವೆ, ಇಷ್ಟು ಹಣ ಬೇಕು.’ ಓದುವ ಅಧಿಕಾರಿಗೆ ತಕ್ಷಣ ಬರುವ ಪ್ರಶ್ನೆ ಒಂದೇ: ಕಲಿತ ಮೇಲೆ ಇವರು ಎಲ್ಲಿಗೆ ಹೋಗುತ್ತಾರೆ? ಅದಕ್ಕೆ ಆ ಹಾಳೆಯಲ್ಲಿ ಉತ್ತರ ಇರುವುದಿಲ್ಲ. ಆದ್ದರಿಂದ ನಾನು ಹೇಳುವುದು ಇಷ್ಟು: ಕೆಲಸದಿಂದ ಶುರು ಮಾಡಿ, ಅಲ್ಲಿಂದ ಹಿಂದಕ್ಕೆ ಬನ್ನಿ. ಯಾವ ಕೆಲಸ, ಎಲ್ಲಿ, ಸಂಬಳ ಎಷ್ಟು, ಅದಕ್ಕೆ ಏನು ಗೊತ್ತಿರಬೇಕು, ಅಲ್ಲಿಗೆ ದಿನಾ ಹೋಗಿ ಬರುವುದು ಹೇಗೆ. ಇದು ಗಟ್ಟಿಯಾದರೆ ಪ್ರಸ್ತಾವನೆಯ ಅರ್ಧ ಕೆಲಸ ಮುಗಿದಂತೆ.

ಹಂತ 1: ಮೊದಲು ಕೆಲಸ ಎಲ್ಲಿದೆ ನೋಡಿ

ಕೆಜಿಎಫ್‌ನ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಇವತ್ತಿಗೂ ಮಾರಿಕುಪ್ಪಂ, ಬಂಗಾರಪೇಟೆಯಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವವರು ಸಾವಿರಾರು ಜನ. ಅದೇ ಹೊತ್ತಿಗೆ ಜಿಲ್ಲೆಯ ಒಳಗೇ ಕಾರ್ಖಾನೆಗಳು ಬೆಳೆದಿವೆ. ನರಸಾಪುರದಲ್ಲಿ 2013ರಿಂದ ಹೋಂಡಾ ಸ್ಕೂಟರ್ ಕಾರ್ಖಾನೆ ಇದೆ. ಅಲ್ಲೇ ಐಫೋನ್ ಜೋಡಿಸುವ ಘಟಕವನ್ನು 2023ರಲ್ಲಿ ಟಾಟಾ ಕೊಂಡುಕೊಂಡಿತು. ವೇಮಗಲ್, ಮಾಲೂರು ಕೈಗಾರಿಕಾ ಪ್ರದೇಶಗಳಿವೆ, ಕೆಜಿಎಫ್‌ನಲ್ಲಿ ಸರ್ಕಾರಿ ವಲಯದ ಯಂತ್ರ ತಯಾರಿಕಾ ಕಂಪನಿ ಬೆಮೆಲ್ ಇದೆ. ತುಮಕೂರಿನವರಿಗೆ ವಸಂತನರಸಾಪುರ ಕೈಗಾರಿಕಾ ಪ್ರದೇಶ ಮತ್ತು 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಗುಬ್ಬಿಯ ಎಚ್‌ಎಎಲ್ ಹೆಲಿಕಾಪ್ಟರ್ ಘಟಕ ಹತ್ತಿರ. ಚಿಕ್ಕಬಳ್ಳಾಪುರಕ್ಕೆ ಗೌರಿಬಿದನೂರಿನ ಕಾರ್ಖಾನೆಗಳು, ಶಿಡ್ಲಘಟ್ಟದ ರೇಷ್ಮೆ.

ದೊಡ್ಡ ಹೆಸರುಗಳ ಗೇಟಿನಲ್ಲೇ ನಿಂತುಬಿಡಬೇಡಿ. ಅವರಿಗೆ ಬಿಡಿಭಾಗ ಕೊಡುವ ಮಧ್ಯಮ ಗಾತ್ರದ ಕಂಪನಿಗಳ ಎಚ್‌ಆರ್‌ಗಳು ಮಾತಿಗೆ ಸುಲಭವಾಗಿ ಸಿಗುತ್ತಾರೆ. ಹೊಸ ಹುಡುಗರು ತಿಂಗಳೊಳಗೆ ಬಿಟ್ಟು ಹೋಗುವ ಕಷ್ಟ ಅವರಿಗೂ ಇದೆ. ಹೋಗಿ ಕೇಳಬೇಕಾದ್ದು: ಈ ವರ್ಷ ಯಾವ ಹುದ್ದೆಗೆ ಜನ ಬೇಕು? ಕಂಪನಿಯ ರೋಲ್‌ನಲ್ಲೋ ಕಂಟ್ರಾಕ್ಟರ್ ಮೂಲಕವೋ? ಕೈಗೆ ಬರುವ ಸಂಬಳ ಎಷ್ಟು? ಪಿಎಫ್, ಇಎಸ್‌ಐ ಇದೆಯಾ? ಬಸ್ಸು ಯಾವ ಊರಿನವರೆಗೆ ಬರುತ್ತದೆ? ಸೇರಿದವರು ಯಾಕೆ ಬಿಡುತ್ತಾರೆ? ಈ ಕೊನೆಯ ಪ್ರಶ್ನೆಗೆ ಸಿಗುವ ಉತ್ತರವನ್ನು ಪಕ್ಕಾ ಬರೆದುಕೊಳ್ಳಿ. ನಿಮ್ಮ ತರಬೇತಿಯಲ್ಲಿ ಏನಿರಬೇಕು ಅನ್ನುವುದು ಅದರಲ್ಲೇ ಇರುತ್ತದೆ.

ಕಾರ್ಖಾನೆ ಮಾತ್ರ ಕೆಲಸ ಅಲ್ಲ. ಬೈಕ್ ಸರ್ವಿಸ್, ಮನೆ ವೈರಿಂಗ್, ಪಂಪ್‌ಸೆಟ್ ಮತ್ತು ಡ್ರಿಪ್ ರಿಪೇರಿ, ಆಸ್ಪತ್ರೆ ಸಹಾಯಕರ ಕೆಲಸ, ಟೊಮೆಟೊ ಮಾವಿನ ಗ್ರೇಡಿಂಗ್ ಪ್ಯಾಕಿಂಗ್, ಇವೆಲ್ಲಕ್ಕೂ ನಮ್ಮಲ್ಲಿ ಕೈಗಳು ಬೇಕು.

ಮಾತಾಡಿದ ಮೇಲೆ ಒಂದು ಪತ್ರ ಕೇಳಿ. ಕೆಲಸ ಕೊಟ್ಟೇ ಕೊಡುತ್ತೇವೆ ಅಂತ ಯಾರೂ ಬರೆದುಕೊಡುವುದಿಲ್ಲ, ಅದನ್ನು ಕೇಳುವುದೂ ಸರಿಯಲ್ಲ. ‘ಈ ತರಬೇತಿ ಮುಗಿಸಿದವರನ್ನು ಸಂದರ್ಶನಕ್ಕೆ ಕರೆಯುತ್ತೇವೆ, ಪಠ್ಯವನ್ನು ನೋಡಿ ಸಲಹೆ ಕೊಡುತ್ತೇವೆ’ ಅಂತ ಲೆಟರ್‌ಹೆಡ್‌ನಲ್ಲಿ ಎರಡು ಸಾಲು ಸಾಕು. ಇಂಥ ಮೂರು ಪತ್ರಗಳು 30 ಪುಟದ ವರದಿಗಿಂತ ಹೆಚ್ಚು ತೂಗುತ್ತವೆ.

ಹಂತ 2: ಹುಡುಗ ಹುಡುಗಿಯರ ಮಾತು ಕೇಳಿ

ಯಾವ ಕೆಲಸ ಅಂತ ಗೊತ್ತಾದ ಮೇಲೆ, ಅದಕ್ಕೆ ಬರುವವರು ಯಾರು ಅಂತ ನೋಡಬೇಕು. ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಮನೆಮಾತು ತೆಲುಗು ಇರುತ್ತದೆ. ಕೆಜಿಎಫ್‌ನಲ್ಲಿ ತಮಿಳು. ಪಾಠ ಹೇಳುವವರಿಗೆ ಕನ್ನಡದ ಜೊತೆ ಆ ಭಾಷೆಯೂ ಒಂದಿಷ್ಟು ಬಂದರೆ ಮೊದಲ ವಾರವೇ ಬಿಟ್ಟು ಹೋಗುವವರು ಕಡಿಮೆಯಾಗುತ್ತಾರೆ. ಮಾವಿನ ಸುಗ್ಗಿಯಲ್ಲಿ ಶ್ರೀನಿವಾಸಪುರದಲ್ಲಿ ಬ್ಯಾಚ್ ಶುರು ಮಾಡಿದರೆ ಕೊಠಡಿ ಖಾಲಿ ಇರುತ್ತದೆ, ಆಗ ತೋಟದಲ್ಲಿ ದಿನಗೂಲಿ ಸಿಗುತ್ತಿರುತ್ತದೆ. ಪಿಯುಸಿ ಫಲಿತಾಂಶ ಬಂದು, ಮುಂದೆ ಓದುವುದೋ ಬೇಡವೋ ಅಂತ ಮನೆಯಲ್ಲಿ ತೀರ್ಮಾನ ಆಗುವ ಹೊತ್ತು ಒಳ್ಳೆಯದು.

ಹೆಣ್ಣುಮಕ್ಕಳ ಮನೆಯವರ ಜೊತೆ ಕೂತು ಮಾತಾಡಿ. ಅಪ್ಪ ಅಮ್ಮ ಕೇಳುವುದು ಸಂಬಳಕ್ಕಿಂತ ಮೊದಲು ಬೇರೆ ವಿಷಯ: ರಾತ್ರಿ ಶಿಫ್ಟ್ ಇದೆಯಾ, ಬಸ್ಸು ಮನೆ ಹತ್ತಿರ ಬಿಡುತ್ತಾ, ಹಾಸ್ಟೆಲ್‌ನಲ್ಲಿ ಯಾರಿರುತ್ತಾರೆ. ಈ ಮೂರಕ್ಕೆ ನಿಮ್ಮ ಯೋಜನೆಯಲ್ಲಿ ಉತ್ತರ ಇರಬೇಕು, ಬಜೆಟ್‌ನಲ್ಲಿ ಜಾಗ ಇರಬೇಕು.

ಇದಕ್ಕೆ ಅಂಕಿಅಂಶ ಬೇಕು ಅಂದರೆ 2011ರ ಜನಗಣತಿ ಇದೆ. ಅದರ ಪ್ರಕಾರ ಕೋಲಾರದ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರು ಶೇ 30ರಷ್ಟು. ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ಆದ ನಬಾರ್ಡ್ ಪ್ರತಿ ಜಿಲ್ಲೆಗೂ ವರ್ಷ ವರ್ಷ ಸಾಲ ಸಾಮರ್ಥ್ಯದ ಯೋಜನೆಯ ಪುಸ್ತಕ ತರುತ್ತದೆ. ಜಿಲ್ಲೆಯಲ್ಲಿ ಯಾವ ಕಸುಬು ಬೆಳೆಯುತ್ತಿದೆ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಆಧಾರ ಕಡಿಮೆ. ಅದರ ಜೊತೆಗೆ ನೀವೇ ಹೋಗಿ ಮಾತಾಡಿಸಿದ ಹುಡುಗರ ಪಟ್ಟಿಯೂ ಇರಲಿ: ಊರು, ಓದು, ಈಗ ಏನು ಮಾಡುತ್ತಿದ್ದಾರೆ, ಎಷ್ಟು ದೂರದವರೆಗೆ ಹೋಗಲು ತಯಾರು.

ಹಂತ 3: ಕಾಗದ ಪತ್ರ ಸರಿ ಮಾಡಿಕೊಳ್ಳಿ

ಇದು ಬೇಸರದ ಕೆಲಸ, ಆದರೆ ಇಲ್ಲಿ ಎಡವಿದರೆ ಮುಂದಿನದು ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಟ್ರಸ್ಟ್ ಡೀಡ್, ಅಥವಾ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿಯ ನೋಂದಣಿ ಪತ್ರ ಮತ್ತು ಬೈಲಾ. ಸಂಸ್ಥೆಯ ಹೆಸರಿನ ಪ್ಯಾನ್ ಮತ್ತು ಬ್ಯಾಂಕ್ ಖಾತೆ. ಆದಾಯ ತೆರಿಗೆಯ 12ಎ (ಸಂಸ್ಥೆಯ ಆದಾಯಕ್ಕೆ ವಿನಾಯಿತಿ) ಮತ್ತು 80ಜಿ (ದಾನ ಕೊಟ್ಟವರಿಗೆ ವಿನಾಯಿತಿ) ನೋಂದಣಿ. ಸ್ವಯಂಸೇವಾ ಸಂಸ್ಥೆಗಳು ಹೆಸರು ನೋಂದಾಯಿಸುವ ನೀತಿ ಆಯೋಗದ ಎನ್‌ಜಿಒ ದರ್ಪಣ್ ಪೋರ್ಟಲ್‌ನ ಸಂಖ್ಯೆ. ಮೂರು ವರ್ಷದ ಆಡಿಟ್ ವರದಿ, ರಿಟರ್ನ್ ಸಲ್ಲಿಸಿದ ದಾಖಲೆ. ಕಂಪನಿಗಳ ಸಿಎಸ್‌ಆರ್ ಹಣ, ಅಂದರೆ ಸಾಮಾಜಿಕ ಹೊಣೆಗಾರಿಕೆಗೆ ಅವರು ಖರ್ಚು ಮಾಡುವ ಹಣ ಬೇಕಿದ್ದರೆ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ನಮೂನೆ ತುಂಬಿ ಸಂಖ್ಯೆ ಪಡೆದಿರಬೇಕು, 2021ರ ಏಪ್ರಿಲ್‌ನಿಂದ ಇದು ಕಡ್ಡಾಯ.

ಬೈಲಾ ಅಥವಾ ಡೀಡ್‌ನ ಉದ್ದೇಶಗಳಲ್ಲಿ ‘ಯುವಜನರ ಕೌಶಲ್ಯ ತರಬೇತಿ, ಉದ್ಯೋಗ’ ಅನ್ನುವ ಮಾತು ಇದೆಯಾ ಅಂತ ಇವತ್ತೇ ತೆಗೆದು ನೋಡಿ. ದೇವಸ್ಥಾನ, ಕ್ರೀಡೆ, ಸಾಂಸ್ಕೃತಿಕ ಚಟುವಟಿಕೆ ಅಂತ ಮಾತ್ರ ಇದ್ದರೆ ಕಂಪನಿಯ ವಕೀಲರು ಅಲ್ಲೇ ನಿಲ್ಲಿಸುತ್ತಾರೆ. 12ಎ, 80ಜಿ ಹೊಸ ಸಂಸ್ಥೆಗೆ ಮೊದಲು ತಾತ್ಕಾಲಿಕವಾಗಿ ಸಿಗುತ್ತವೆ. ಅವಧಿ ಮುಗಿಯುವ ದಿನ ಗೋಡೆಯ ಕ್ಯಾಲೆಂಡರ್‌ನಲ್ಲೇ ಬರೆದಿಡಿ.

ಹಂತ 4: ಹಣ ಎಲ್ಲೆಲ್ಲಿದೆ

ಸಿಎಸ್‌ಆರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಕಾರ್ಖಾನೆಗಳಿರುವ ನಮ್ಮ ಜಿಲ್ಲೆಗೆ ಅದೇ ದೊಡ್ಡ ಬಾಗಿಲು. ಕಂಪನಿಗಳ ಕಾಯ್ದೆ 2013ರ 135ನೇ ಸೆಕ್ಷನ್ ಪ್ರಕಾರ, ಹಿಂದಿನ ಹಣಕಾಸು ವರ್ಷದಲ್ಲಿ 500 ಕೋಟಿ ರೂಪಾಯಿ ನಿವ್ವಳ ಆಸ್ತಿ, ಅಥವಾ 1,000 ಕೋಟಿ ವಹಿವಾಟು, ಅಥವಾ 5 ಕೋಟಿ ನಿವ್ವಳ ಲಾಭ ಇದ್ದ ಕಂಪನಿ, ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಸಿಎಸ್‌ಆರ್‌ಗೆ ಒಪ್ಪಿತ ಕೆಲಸಗಳ ಪಟ್ಟಿ ಇರುವ ಅದೇ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಉದ್ಯೋಗ ಕೌಶಲ್ಯದ ತರಬೇತಿಯ ಹೆಸರೇ ಇದೆ. ಕಂಪನಿ ಇರುವ ಊರು, ಸುತ್ತಮುತ್ತಲ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಅನ್ನುವ ಮಾತೂ ಕಾಯ್ದೆಯಲ್ಲಿದೆ. ಅದು ಕಟ್ಟುನಿಟ್ಟಾದ ನಿಯಮ ಅಲ್ಲ, ಆದರೆ ಮಾತಾಡುವಾಗ ನಿಮ್ಮ ಕಡೆ ಇರುವ ಬಲ.

5 ಕೋಟಿ ಲಾಭದ ಗೆರೆಯನ್ನು ಗಮನಿಸಿ. ಹೆಸರು ಕೇಳಿರದ ಬಿಡಿಭಾಗದ ಕಂಪನಿಯೂ ಆ ಗೆರೆ ದಾಟಿರಬಹುದು. ಅವರ ಸಿಎಸ್‌ಆರ್ 10 ಲಕ್ಷವೋ 15 ಲಕ್ಷವೋ ಇರುತ್ತದೆ, ಕೇಳುವವರು ಕಡಿಮೆ ಇರುತ್ತಾರೆ. ನಿಮ್ಮಂಥ ಸಣ್ಣ ಸಂಸ್ಥೆಗೆ ಸರಿಯಾದ ಜೋಡಿ ಅಂಥವರೇ. ಯಾವ ಕಂಪನಿ ಹಿಂದೆ ಯಾವ ಜಿಲ್ಲೆಯಲ್ಲಿ ಯಾವ ಕೆಲಸಕ್ಕೆ ಕೊಟ್ಟಿದೆ ಅನ್ನುವುದು ಅವರ ವಾರ್ಷಿಕ ವರದಿಯ ಸಿಎಸ್‌ಆರ್ ಅನುಬಂಧದಲ್ಲಿ ಇರುತ್ತದೆ. ಸರ್ಕಾರದ ರಾಷ್ಟ್ರೀಯ ಸಿಎಸ್‌ಆರ್ ಪೋರ್ಟಲ್‌ನಲ್ಲೂ ಹುಡುಕಬಹುದು. ಹಿಂದೆ ಕೆರೆ ಹೂಳೆತ್ತಲು ಮಾತ್ರ ಕೊಟ್ಟವರಿಗಿಂತ, ಶಾಲೆಗೋ ಐಟಿಐಗೋ ಕೊಟ್ಟವರ ಹತ್ತಿರ ಮೊದಲು ಹೋಗಿ.

ಎರಡು ನಿಯಮ ತಿಳಿದಿರಲಿ. ಒಂದು, ಹೊರಗಿನ ಸಂಸ್ಥೆ ಸಿಎಸ್‌ಆರ್ ಯೋಜನೆ ನಡೆಸಬೇಕಾದರೆ ಇಂಥದ್ದೇ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ ಬೇಕು. ಹೊಸಬರು ಅನುಭವ ಇರುವ ಸಂಸ್ಥೆಯೊಂದರ ಜೊತೆ ಸೇರಿ ಮಾಡಬಹುದು, ಒಪ್ಪಂದದಲ್ಲಿ ಯಾರ ಕೆಲಸ ಯಾವುದು ಅಂತ ಬರೆದುಕೊಂಡು. ಇನ್ನೊಂದು, ಕಂಪನಿ ತನ್ನ ನೌಕರರಿಗೆ ಮಾತ್ರ ಅನುಕೂಲವಾಗುವ, ತನ್ನ ದಿನನಿತ್ಯದ ವ್ಯವಹಾರದ ಭಾಗವೇ ಆಗಿರುವ ಕೆಲಸವನ್ನು ಸಿಎಸ್‌ಆರ್ ಅಂತ ತೋರಿಸುವಂತಿಲ್ಲ. ಹಾಗಾಗಿ ‘ನಿಮ್ಮ ಕಾರ್ಖಾನೆಗೇ ಜನ ತಯಾರು ಮಾಡಿಕೊಡುತ್ತೇವೆ’ ಅಂತ ಬರೆದರೆ ಅವರಿಗೇ ತೊಂದರೆ. ನಾಲ್ಕಾರು ಕಡೆ ಕೆಲಸಕ್ಕೆ ಹೋಗಬಹುದಾದ ತರಬೇತಿ ಅಂತ ಯೋಜನೆ ಮಾಡಿ. ಮಕ್ಕಳಿಗೂ ಅದೇ ಒಳ್ಳೆಯದು ಅಲ್ವಾ?

ಸರ್ಕಾರದ ಕಡೆ ಬಂದರೆ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಕೌಶಲ್ಯ ಸಮಿತಿ ಇದೆ, ಜಿಲ್ಲಾ ಕೌಶಲ್ಯಾಭಿವೃದ್ಧಿ ಅಧಿಕಾರಿ ಇದ್ದಾರೆ. ಅವರನ್ನು ಮೊದಲು ಕಂಡು ಬನ್ನಿ. 2017ರಲ್ಲಿ ಶುರುವಾದ ಮುಖ್ಯಮಂತ್ರಿಗಳ ಕೌಶಲ್ಯ ಕರ್ನಾಟಕ ಯೋಜನೆ, ಕೇಂದ್ರದ ಪ್ರಧಾನಮಂತ್ರಿ ಕೌಶಲ್ಯ ವಿಕಾಸ ಯೋಜನೆ, ಗ್ರಾಮೀಣ ಬಡ ಯುವಕರಿಗಾಗಿ 2014ರಲ್ಲಿ ಬಂದ ದೀನ್ ದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ, ಇವೆಲ್ಲ ಅನುದಾನಕ್ಕಿಂತ ಗುತ್ತಿಗೆಯ ಹಾಗೆ ನಡೆಯುತ್ತವೆ. ಮಾನ್ಯತೆ ಪಡೆದ ಕೇಂದ್ರ ಇರಬೇಕು, ಹಣ ಕಂತು ಕಂತಾಗಿ ಬರುತ್ತದೆ, ಕೊನೆಯ ಕಂತು ಕೆಲಸ ಸಿಕ್ಕಿದ್ದಕ್ಕೆ ಸಾಕ್ಷಿ ಕೊಟ್ಟ ಮೇಲೆ. ಅಲ್ಲಿಯವರೆಗೆ ಸಂಬಳ, ಬಾಡಿಗೆ ನಿಮ್ಮ ಕೈಯಿಂದ ಹೋಗಬೇಕು. ಕೈಯಲ್ಲಿ ನಾಲ್ಕೈದು ತಿಂಗಳ ಖರ್ಚಿನಷ್ಟು ಹಣ ಇಲ್ಲದ ಸಂಸ್ಥೆ ಇದಕ್ಕೆ ಒಂಟಿಯಾಗಿ ಇಳಿಯಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ನಬಾರ್ಡ್‌ನ ದಾರಿ ಸಣ್ಣ ಸಂಸ್ಥೆಗಳಿಗೆ ಹತ್ತಿರದ್ದು. ಸ್ವಸಹಾಯ ಸಂಘದ ಸದಸ್ಯರಿಗೆ ಕಿರು ಉದ್ಯಮ ತರಬೇತಿ, ಜೀವನೋಪಾಯ ಮತ್ತು ಉದ್ಯಮ ತರಬೇತಿ ಅಂತ ಅವರ ಕಾರ್ಯಕ್ರಮಗಳಿವೆ. ನಬಾರ್ಡ್‌ನ ಜಿಲ್ಲಾ ಅಭಿವೃದ್ಧಿ ವ್ಯವಸ್ಥಾಪಕರನ್ನು ನೇರವಾಗಿ ಹೋಗಿ ಭೇಟಿ ಮಾಡಿ.

ಜಿಲ್ಲಾ ಖನಿಜ ಪ್ರತಿಷ್ಠಾನದ ಹಣವನ್ನು ಮರೆಯಬೇಡಿ. ಕಲ್ಲು ಗಣಿಗಾರಿಕೆಯ ತೊಂದರೆ ಅನುಭವಿಸುವ ಹಳ್ಳಿಗಳಿಗೆ ಅದು ಮೀಸಲು, ಕೌಶಲ್ಯ ತರಬೇತಿ ಅದರ ಆದ್ಯತೆಯ ವಲಯಗಳಲ್ಲಿ ಒಂದು. ನಿಮ್ಮ ಹಳ್ಳಿ ಗಣಿ ಬಾಧಿತ ಪಟ್ಟಿಯಲ್ಲಿದೆಯಾ ಅಂತ ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ಕೇಳಿ. ಚಿಕ್ಕನಾಯಕನಹಳ್ಳಿ ಕಡೆಯವರಿಗೆ ಇನ್ನೊಂದು ದಾರಿ ಇದೆ. ಅಕ್ರಮ ಗಣಿಗಾರಿಕೆಯಿಂದ ಹಾಳಾದ ಬಳ್ಳಾರಿ, ಚಿತ್ರದುರ್ಗ, ತುಮಕೂರು ಭಾಗಗಳ ಪುನಶ್ಚೇತನಕ್ಕೆಂದೇ ಸರ್ಕಾರದ ಗಣಿ ಪರಿಸರ ಪುನಶ್ಚೇತನ ನಿಗಮ ಇದೆ.

ಪರಿಶಿಷ್ಟ ಜಾತಿ, ಪಂಗಡದ ಯುವಕರಿಗೆ ತರಬೇತಿ ಅಂದರೆ 2013ರ ಉಪಯೋಜನೆ ಕಾಯ್ದೆಯ ಹಣ ಇಲಾಖೆ ಇಲಾಖೆಯಲ್ಲೂ ಇರುತ್ತದೆ, ಸಮಾಜ ಕಲ್ಯಾಣ ಇಲಾಖೆಯಿಂದ ವಿಚಾರಿಸಲು ಶುರು ಮಾಡಿ. ಶಾಸಕರ, ಸಂಸದರ ನಿಧಿ ಕಟ್ಟಡದಂಥ ಆಸ್ತಿಗೆ, ಸಂಬಳಕ್ಕಲ್ಲ. ವಿದೇಶದ ಹಣಕ್ಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಬೇಕೇ ಬೇಕು, ಅದಕ್ಕೆ ಮೂರು ವರ್ಷದಲ್ಲಿ 15 ಲಕ್ಷ ಖರ್ಚು ಮಾಡಿ ಕೆಲಸ ಮಾಡಿರಬೇಕು. 2020ರ ತಿದ್ದುಪಡಿಯ ನಂತರ ನೋಂದಣಿ ಇರುವ ಸಂಸ್ಥೆ ಆ ಹಣವನ್ನು ಇನ್ನೊಬ್ಬರಿಗೆ ಹಂಚುವಂತಿಲ್ಲ. ‘ನಮ್ಮ ಖಾತೆಗೆ ಬಂದದ್ದನ್ನು ನಿಮಗೆ ಕೊಡುತ್ತೇವೆ’ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಕಮಿಷನ್ ಕೊಟ್ಟರೆ ಅನುದಾನ ಮಾಡಿಸಿಕೊಡುತ್ತೇವೆ ಅನ್ನುವವರನ್ನಂತೂ ಹತ್ತಿರ ಸೇರಿಸಬೇಡಿ.

ಹಂತ 5: ಪ್ರಸ್ತಾವನೆ ಬರೆಯುವುದು

ಮೊದಲು ಎರಡು ಪುಟದ ಟಿಪ್ಪಣಿ ಬರೆಯಿರಿ. ದೊಡ್ಡ ಪ್ರಸ್ತಾವನೆ ಅವರು ಕೇಳಿದಾಗ ಕೊಟ್ಟರಾಯಿತು. ಮೊದಲ ಪ್ಯಾರಾದಲ್ಲೇ ಕೆಲಸ, ಜಾಗ, ಸಂಬಳ, ಸಂಖ್ಯೆ ಬಂದುಬಿಡಲಿ. ಹೀಗೆ ಬರೆಯಬಹುದು: ‘ಮುಳಬಾಗಿಲು ತಾಲ್ಲೂಕಿನ ಪಿಯುಸಿ ಮುಗಿಸಿದ ಅಥವಾ ಅರ್ಧಕ್ಕೆ ಬಿಟ್ಟ 60 ಯುವಕ ಯುವತಿಯರಿಗೆ ಮೂರು ತಿಂಗಳ ಎಲೆಕ್ಟ್ರಿಕಲ್ ಮೆಂಟೆನೆನ್ಸ್ ತರಬೇತಿ ಕೊಟ್ಟು, ನರಸಾಪುರ ಮತ್ತು ವೇಮಗಲ್‌ನ ಕಂಪನಿಗಳಲ್ಲಿ 45 ಜನಕ್ಕೆ ಪಿಎಫ್, ಇಎಸ್‌ಐ ಇರುವ ಕೆಲಸ ಕೊಡಿಸುವುದು, 36 ಜನ ಆರು ತಿಂಗಳ ನಂತರವೂ ಕೆಲಸದಲ್ಲಿರುವಂತೆ ನೋಡಿಕೊಳ್ಳುವುದು ನಮ್ಮ ಗುರಿ.’

60ರಲ್ಲಿ 60 ಅಂತ ಬರೆಯಬೇಡಿ. ಓದುವವರು ನಂಬುವುದಿಲ್ಲ. ಕೆಲವರು ಮತ್ತೆ ಕಾಲೇಜಿಗೆ ಹೋಗುತ್ತಾರೆ, ಕೆಲವರಿಗೆ ಮದುವೆಯಾಗುತ್ತದೆ, ಕೆಲವರಿಗೆ ಶಿಫ್ಟ್ ಒಗ್ಗುವುದಿಲ್ಲ. ಎಷ್ಟು ಜನ ಬಿಡಬಹುದು, ಯಾಕೆ, ಅದಕ್ಕೆ ನೀವೇನು ಮಾಡುತ್ತೀರಿ ಅಂತ ಬರೆದರೆ ನಿಮಗೆ ಕೆಲಸ ಗೊತ್ತು ಅಂತ ಅವರಿಗೆ ತಿಳಿಯುತ್ತದೆ.

ನಿಮ್ಮ ಪಠ್ಯಕ್ರಮ ರಾಷ್ಟ್ರೀಯ ಕೌಶಲ್ಯ ಅರ್ಹತಾ ಚೌಕಟ್ಟಿನ (ಎನ್‌ಎಸ್‌ಕ್ಯೂಎಫ್) ಯಾವ ಕೋರ್ಸಿಗೆ ಹೊಂದುತ್ತದೆ, ಪರೀಕ್ಷೆ ಯಾರು ಮಾಡುತ್ತಾರೆ ಅಂತ ಹೇಳಿ. ಹತ್ತಿರದ ಐಟಿಐ ಅಥವಾ ಜಿಟಿಟಿಸಿಯ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಯಂತ್ರಗಳನ್ನು ಒಪ್ಪಂದ ಮಾಡಿಕೊಂಡು ಬಳಸಿದರೆ ಲಕ್ಷಗಟ್ಟಲೆ ಉಳಿಯುತ್ತದೆ. ಸ್ವಂತ ಅಂಗಡಿ ಹಾಕಬೇಕು ಅನ್ನುವವರನ್ನು ಬ್ಯಾಂಕ್ ನಡೆಸುವ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗೆ ಕಳಿಸಿ. ಅಲ್ಲಿ ಊಟ, ವಸತಿ, ತರಬೇತಿ ಎಲ್ಲ ಉಚಿತ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿಯನ್ನೇ ಇಡೀ ದೇಶ ತೆಗೆದುಕೊಂಡಿದೆ. ಅವರು ಮಾಡುತ್ತಿರುವುದನ್ನೇ ನೀವೂ ಮಾಡಲು ಹಣ ಕೇಳಿದರೆ ಯಾಕೆ ಕೊಡಬೇಕು ಅನ್ನುವ ಪ್ರಶ್ನೆ ಬಂದೇ ಬರುತ್ತದೆ.

ಹಂತ 6: ಬಜೆಟ್

ಮೇಲಿನ 60 ಜನರ ಉದಾಹರಣೆಯನ್ನೇ ಲೆಕ್ಕ ಹಾಕೋಣ. ಮೊತ್ತಗಳು ತೋರಿಸಲಿಕ್ಕೆ ಮಾತ್ರ, ನಿಮ್ಮ ಊರಿನ ದರ ನೀವು ಹಾಕಿಕೊಳ್ಳಿ.

ಇಬ್ಬರು ತರಬೇತುದಾರರಿಗೆ ತಿಂಗಳಿಗೆ 25,000ದಂತೆ 8 ತಿಂಗಳು: 4,00,000. ಹಳ್ಳಿಗಳಲ್ಲಿ ಓಡಾಡುವ, ಕೆಲಸಕ್ಕೆ ಸೇರಿದವರನ್ನು ವಿಚಾರಿಸಿಕೊಳ್ಳುವ ಒಬ್ಬ ಸಂಯೋಜಕಿಗೆ 20,000ದಂತೆ 12 ತಿಂಗಳು: 2,40,000. ಪ್ರಯಾಣಕ್ಕೆ ತಲಾ 1,000 ಮೂರು ತಿಂಗಳು: 1,80,000. ಮಧ್ಯಾಹ್ನದ ಊಟ 50 ರೂಪಾಯಿಯಂತೆ 75 ದಿನ: 2,25,000. ಸಾಮಗ್ರಿ ಮತ್ತು ಟೂಲ್ ಕಿಟ್ ತಲಾ 3,000: 1,80,000. ಪರೀಕ್ಷೆ, ಪ್ರಮಾಣಪತ್ರ ತಲಾ 1,000: 60,000. ಬಾಡಿಗೆ, ಕರೆಂಟು 12,000ದಂತೆ 12 ತಿಂಗಳು: 1,44,000. ಕೆಲಸಕ್ಕೆ ಸೇರುವ 45 ಜನಕ್ಕೆ ಮೊದಲ ತಿಂಗಳ ಪಿಜಿ ಅಥವಾ ಬಸ್ ಖರ್ಚಿಗೆ ತಲಾ 2,500: 1,12,500. ಲೆಕ್ಕಪತ್ರ, ಆಡಿಟ್, ಆಫೀಸ್ ಖರ್ಚು: 78,500. ಒಟ್ಟು 16,20,000.

ತಲಾ 27,000 ಆಯಿತು. ಆದರೆ ಇದನ್ನು ಇಲ್ಲಿಗೇ ಬಿಡಬೇಡಿ. ಕೆಲಸ ಸಿಕ್ಕ 45 ಜನಕ್ಕೆ ಭಾಗಿಸಿದರೆ 36,000. ಆರು ತಿಂಗಳು ಉಳಿದ 36 ಜನಕ್ಕೆ ಭಾಗಿಸಿದರೆ 45,000. ಈ ಮೂರನ್ನೂ ಬಜೆಟ್ ಕೆಳಗೆ ಬರೆಯಿರಿ. ಹಣ ಕೊಡುವವರು ಹೇಗೂ ಕ್ಯಾಲ್ಕುಲೇಟರ್ ಒತ್ತುತ್ತಾರೆ, ನೀವೇ ತೋರಿಸಿದರೆ ಮಾತು ನೇರವಾಗುತ್ತದೆ. ಮೊದಲ ತಿಂಗಳ ಪಿಜಿ ಖರ್ಚಿನ ಸಾಲನ್ನು ಯಾರಾದರೂ ಹೊಡೆದುಹಾಕಲು ನೋಡಿದರೆ ಬಿಟ್ಟುಕೊಡಬೇಡಿ. ಸಂಬಳ ಕೈಗೆ ಬರಲು ತಿಂಗಳಾಗುತ್ತದೆ. ಅಲ್ಲಿಯವರೆಗೆ ಊಟಕ್ಕೆ, ಬಾಡಿಗೆಗೆ ಇಲ್ಲದೆ ವಾಪಸ್ ಬರುವ ಮಕ್ಕಳು ತುಂಬಾ ಜನ. ಆ 2,500 ಇಲ್ಲದಿದ್ದರೆ ಅವರ ಮೇಲೆ ಹಾಕಿದ 27,000ವೂ ವ್ಯರ್ಥ.

ಸಂಯೋಜಕಿಯ ಹುದ್ದೆಗೂ ಇದೇ ಮಾತು. ತರಬೇತಿ ಮುಗಿದ ಮೇಲೂ ಫೋನ್ ಮಾಡಿ, ಹಾಸ್ಟೆಲ್‌ಗೆ ಹೋಗಿ, ಸೂಪರ್‌ವೈಸರ್ ಜೊತೆ ಮಾತಾಡುವ ಒಬ್ಬರು ಇದ್ದಲ್ಲಿ ಮಕ್ಕಳು ಕೆಲಸದಲ್ಲಿ ಉಳಿಯುತ್ತಾರೆ.

ಹಂತ 7: ಯಾವಾಗ ಕೊಡಬೇಕು, ಭೇಟಿಗೆ ಬಂದಾಗ ಏನು

ಕಂಪನಿಗಳ ವರ್ಷ ಏಪ್ರಿಲ್‌ನಿಂದ ಮಾರ್ಚ್. ಮುಂದಿನ ವರ್ಷದ ಸಿಎಸ್‌ಆರ್ ಯೋಜನೆ ಸಿದ್ಧವಾಗುವ ಮುಂಚೆ, ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ನಿಮ್ಮ ಟಿಪ್ಪಣಿ ಅವರ ಮೇಜಿನ ಮೇಲಿರಲಿ. ಮಾರ್ಚ್‌ನಲ್ಲಿ ಹಣ ಉಳಿದಿದೆ ಬನ್ನಿ ಅಂತ ಕರೆದರೆ, ತಿಂಗಳೊಳಗೆ ಮುಗಿಸಬಹುದಾದ ಖರೀದಿಗೆ ಮಾತ್ರ ಒಪ್ಪಿ. ತರಬೇತಿಯನ್ನು ಅವಸರದಲ್ಲಿ ಮಾಡಲು ಹೋಗಬೇಡಿ.

ಹಣ ಕೊಡುವವರು ಭೇಟಿಗೆ ಬಂದಾಗ ಹಾರ, ಶಾಲು, ಭಾಷಣ ಬೇಡ. ಹಾಜರಾತಿ ಪುಸ್ತಕ ತೆರೆದಿಡಿ. ಹಳೆಯ ಬ್ಯಾಚ್‌ನ ನಾಲ್ಕು ಜನರನ್ನು ಕರೆಸಿ, ಅದರಲ್ಲಿ ಕೆಲಸ ಬಿಟ್ಟ ಒಬ್ಬರೂ ಇರಲಿ. ಅವರು ಯಾಕೆ ಬಿಟ್ಟರು ಅಂತ ಅವರ ಬಾಯಿಂದಲೇ ಕೇಳಲಿ. ಆಮೇಲೆ ನೀವು ಸುಮ್ನೆ ಕೂತಿರಿ.

ಉತ್ತರ ಬರದಿದ್ದರೆ ಎರಡು ವಾರಕ್ಕೊಮ್ಮೆ ವಿನಯವಾಗಿ ವಿಚಾರಿಸಿ. ಇಲ್ಲ ಅಂದರೆ ಕಾರಣ ಕೇಳಿ. ‘ಈ ವರ್ಷ ಇಲ್ಲ’ ಅಂದವರಿಗೂ ಮೂರು ತಿಂಗಳಿಗೊಮ್ಮೆ ಒಂದು ಪುಟದ ಸುದ್ದಿ ಕಳಿಸುತ್ತಿರಿ.

ಹಂತ 8: ಹಣ ಬಂದ ಮೇಲೆ

ಒಪ್ಪಂದ ಪತ್ರವನ್ನು ಸಹಿ ಹಾಕುವ ಮುಂಚೆ ಪೂರ್ತಿ ಓದಿ. ಕಂತುಗಳ ದಿನಾಂಕ, ಉಳಿದ ಹಣ ವಾಪಸ್ ಕೊಡಬೇಕಾ, ಫೋಟೊ ಬಳಸುವ ಅನುಮತಿ, ಇವು ಮೂರನ್ನು ವಿಶೇಷವಾಗಿ ನೋಡಿ. ಆ ಯೋಜನೆಗೆ ಬೇರೆ ಲೆಡ್ಜರ್ ಇಡಿ, ಸಾಧ್ಯವಾದರೆ ಬೇರೆ ಖಾತೆ. ಒಬ್ಬರಿಗೆ ಒಂದೇ ದಿನ 10,000ಕ್ಕಿಂತ ಹೆಚ್ಚು ನಗದು ಕೊಡಬೇಡಿ, ತೆರಿಗೆ ಲೆಕ್ಕದಲ್ಲಿ ಆ ಖರ್ಚು ನಿಲ್ಲುವುದಿಲ್ಲ. ಸರ್ಕಾರದ ಅನುದಾನಕ್ಕೆ ಹಣ ಬಳಕೆ ಪ್ರಮಾಣಪತ್ರ ನಿಗದಿತ ನಮೂನೆಯಲ್ಲೇ ಹೋಗಬೇಕು, ಕೇಂದ್ರದ್ದಾದರೆ ಅದರ ಹಣಕಾಸು ನಿಯಮಗಳ ನಮೂನೆ ಜಿಎಫ್‌ಆರ್ 12-ಎ. ಸಿಎ ಅವರಿಗೆ ಕೊನೆಯ ವಾರದಲ್ಲಿ ಅಲ್ಲ, ಮೊದಲ ತಿಂಗಳೇ ಹೇಳಿಡಿ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳ ತಡೆಯ ಆಂತರಿಕ ಸಮಿತಿ 2013ರ ಕಾಯ್ದೆಯಂತೆ ಕಡ್ಡಾಯ. ಹೆಣ್ಣುಮಕ್ಕಳು ಬರುವ ಜಾಗ ನಿಮ್ಮದು, ಹತ್ತು ಜನ ಇಲ್ಲದಿದ್ದರೂ ದೂರು ಹೇಳಲು ಒಬ್ಬ ಮಹಿಳೆಯ ಹೆಸರು ಗೋಡೆ ಮೇಲಿರಲಿ.

ಕೆಲಸ ಸಿಕ್ಕಿದ್ದಕ್ಕೆ ಆಫರ್ ಲೆಟರ್ ಸಾಕ್ಷಿ ಅಂತ ಇಡಬೇಡಿ. ಮೂರನೇ ತಿಂಗಳ ಸಂಬಳ ಜಮೆಯಾದ ಪಾಸ್‌ಬುಕ್ ಪುಟ ಅಥವಾ ಪಿಎಫ್‌ನ ಯುಎಎನ್ (ನೌಕರರ ಪಿಎಫ್ ಸಂಖ್ಯೆ) ದಾಖಲೆ ಗಟ್ಟಿ. ಅದನ್ನು ಆ ಹುಡುಗ ಅಥವಾ ಹುಡುಗಿಯ ಒಪ್ಪಿಗೆ ಪಡೆದೇ ತೆಗೆದುಕೊಳ್ಳಿ, ಬೇರೆ ಕಡೆ ತೋರಿಸಬೇಡಿ. ಒಂದನೇ, ಮೂರನೇ, ಆರನೇ ತಿಂಗಳು ಪ್ರತಿಯೊಬ್ಬರಿಗೂ ಫೋನ್ ಹೋಗಲಿ. ಬಿಟ್ಟವರ ಕಾರಣವನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಮುಂದಿನ ಡಿಸೆಂಬರ್‌ನಲ್ಲಿ ಎರಡನೇ ವರ್ಷದ ಪ್ರಸ್ತಾವನೆ ಬರೆಯಲು ಕೂತಾಗ ಆ ಹಾಳೆಯಿಂದಲೇ ಶುರು ಮಾಡಿ: ಯಾವ ಕಂಪನಿಯಲ್ಲಿ ಹೆಚ್ಚು ಜನ ಉಳಿದರು, ಯಾವ ಊರಿನಿಂದ ಬಸ್ಸಿಲ್ಲದೆ ಬಿಟ್ಟರು, ಈ ಸಲ ಏನು ಬದಲಿಸುತ್ತೀರಿ, ಅದಕ್ಕೆ ಎಷ್ಟು ಹಣ ಬೇಕು.